ಕಳ್ಳಿ ಹೂವಿನ ಬೆನ್ನು ನೋಡಿ

(ಮಂಗಳೂರಿನಲ್ಲಿ ಮನೆತೋಟದ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ತುಂಬಾ ಚಟ್ಟಿಗಳಿವೆ. ಕೆಲವು ನಾನು ತಂದದ್ದು, ಉಳಿದವು ನೀವು ತಂದದ್ದು. ‘ಇದರ ಹೆಸರು ಹೇಳಿ’ ಅಂತ ಚೀಟಿ ಬೇರೆ ಅಂಟಿಸಿದ್ದೀರಿ. ಒಂದೊಂದಾಗಿ ಹೆಸರು ಹೇಳುತ್ತಾ ಹೋದರೆ ಮನೆ ಮುಟ್ಟುವಷ್ಟರಲ್ಲಿ ನಿಮಗೆ ಅರ್ಧ ಮರೆತಿರುತ್ತದೆ. ಅದಕ್ಕೆ ಹೆಸರು ಹುಡುಕುವಾಗ ಕಣ್ಣು ಎಲ್ಲಿಡಬೇಕು ಎನ್ನುವುದನ್ನು ಹೇಳುತ್ತೇನೆ. ಕ್ಯಾಕ್ಟಸ್ ಹೂವಿನ ಮುಖಕ್ಕಿಂತ ಅದರ ಬೆನ್ನು ಜಾಸ್ತಿ ವಿಷಯ ಹೇಳುತ್ತದೆ. ಹಾಗೆಯೇ ಹೂ ಗಿಡದ ಯಾವ ಜಾಗದಿಂದ ಹುಟ್ಟಿತು ಎನ್ನುವುದೂ ಮುಖ್ಯ. ಬಣ್ಣವನ್ನು ಕೊನೆಗೆ ನೋಡಿದರೆ ಸಾಕು.

ಮೊದಲು ಮೇಜು ಸ್ವಲ್ಪ ಖಾಲಿ ಮಾಡೋಣ. ಇಲ್ಲಿರುವ ಎಲ್ಲವೂ ಕ್ಯಾಕ್ಟಸ್ ಅಲ್ಲ. ನಮ್ಮಲ್ಲಿ ದಪ್ಪಗಿದ್ದು ಮುಳ್ಳಿದ್ದರೆ ಎಲ್ಲವೂ ಕಳ್ಳಿಯೇ. ಬೇಲಿಗೆ ನೆಡುವ ಚದುರಗಳ್ಳಿ, ಎಲೆಗಳ್ಳಿ ಇವೆಲ್ಲ ಯುಫೋರ್ಬಿಯಾಗಳು. ಹರಳು ಗಿಡ, ಸುಳ್ಯ ಬೆಳ್ತಂಗಡಿ ಕಡೆ ಟ್ಯಾಪಿಂಗ್ ಮಾಡುವ ರಬ್ಬರ್ ಮರ ಇವುಗಳ ನೆಂಟರು. ಕ್ಯಾಕ್ಟಸ್‌ಗಳದ್ದು ಬೇರೆಯೇ ಕುಟುಂಬ, ಅವುಗಳ ಮೂಲ ಅಮೆರಿಕ ಖಂಡಗಳು. ಅಲ್ಲಿಂದ ಹೊರಗೂ ತಾನಾಗಿಯೇ ಬೆಳೆಯುವುದು ಒಂದೇ ಜಾತಿ, ರಿಪ್ಸಾಲಿಸ್ ಬ್ಯಾಕ್ಸಿಫೆರಾ. ಅದು ಆಫ್ರಿಕಾದಲ್ಲೂ ಶ್ರೀಲಂಕಾದಲ್ಲೂ ಮರಗಳಿಂದ ಜೋತು ಬೀಳುತ್ತದೆ.

ಎರಡನ್ನೂ ಬೇರೆ ಮಾಡುವುದು ಹೇಗೆ? ‘ಗೀರಿದರೆ ಹಾಲು ಬಂದರೆ ಕ್ಯಾಕ್ಟಸ್ ಅಲ್ಲ’ ಅಂತ ಹೆಚ್ಚಿನವರು ಹೇಳುತ್ತಾರೆ. ಇದು ಪೂರ್ತಿ ನಿಜವಲ್ಲ. ಮ್ಯಾಮಿಲೇರಿಯಾದ ಕೆಲವು ಜಾತಿಗಳನ್ನು ಚುಚ್ಚಿದರೆ ಬಿಳಿ ಹಾಲು ಬರುತ್ತದೆ, ಅವು ಅಪ್ಪಟ ಕ್ಯಾಕ್ಟಸ್. ಅದಲ್ಲದೆ ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆ ದಾರಿ ಹಿಡಿಯಬೇಕಾದೀತು. ಸುಮ್ನೆ ಗೀರಬೇಡಿ. ಮುಳ್ಳಿನ ಬುಡ ನೋಡಿ. ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಒಂದು ಸಣ್ಣ ಮೆತ್ತೆಯಿಂದ ಗುಂಪಾಗಿ ಹೊರಡುತ್ತವೆ. ಆ ಮೆತ್ತೆಯ ಮೇಲೆ ಹತ್ತಿಯ ಹಾಗೆ ನವಿರು ಕೂದಲಿರುತ್ತದೆ. ಗಿಡ ಬೆಳೆಸುವವರು ಅದನ್ನು ಏರಿಯೋಲ್ ಅನ್ನುತ್ತಾರೆ. ನಾನು ಮೆತ್ತೆ ಅಂತಲೇ ಕರೆಯುತ್ತೇನೆ. ಮುಳ್ಳು, ಹೊಸ ಕೊಂಬೆ ಎಲ್ಲ ಹುಟ್ಟುವುದು ಇಂಥ ಮೆತ್ತೆಯಿಂದ. ಹೆಚ್ಚಿನ ಕ್ಯಾಕ್ಟಸ್‌ಗಳಲ್ಲಿ ಹೂವೂ ಅಲ್ಲಿಂದಲೇ. ಚದುರಗಳ್ಳಿಯಲ್ಲಿ ಮೆತ್ತೆ ಇಲ್ಲ. ಮುಳ್ಳುಗಳು ಜೋಡಿಯಾಗಿ, ಗಟ್ಟಿ ಸಿಪ್ಪೆಯಂಥ ಒಂದು ತುಂಡಿನ ಮೇಲೆ ನಿಂತಿರುತ್ತವೆ.

ಇದೇ ಕಾರಣಕ್ಕೆ ಆ ಮೂಲೆಯಲ್ಲಿರುವ ಗಿಡ ಕ್ಯಾಕ್ಟಸ್. ಹೌದು, ಗುಲಾಬಿ ಬಣ್ಣದ ಹೂ ಬಿಟ್ಟಿದೆಯಲ್ಲ, ಪೇರಲೆಯಷ್ಟು ದೊಡ್ಡ ಎಲೆ ಇದೆಯಲ್ಲ, ಅದೇ. ಅದು ಪೆರೆಸ್ಕಿಯಾ. ಎಲೆ ನೋಡಿ ನಂಬಿಕೆ ಬರುವುದಿಲ್ಲ, ಆದರೆ ಕಾಂಡ ನೋಡಿ, ಮೆತ್ತೆ ಇದೆ. ಪಕ್ಕದಲ್ಲಿ ಯಾರೋ ಮಂಗರಬಳ್ಳಿ ಇಟ್ಟಿದ್ದೀರಿ. ಅದು ದ್ರಾಕ್ಷಿಯ ಕುಟುಂಬದ್ದು. ಮನೆಗೆ ತೆಗೆದುಕೊಂಡು ಹೋಗಿ ಚಟ್ನಿ ಮಾಡಿ.

ಚೆಂಡಿನಂಥ ಗಿಡಗಳಲ್ಲಿ ಒಂದು ಜೋಡಿ ನೋಡಿ. ಎರಡೂ ದುಂಡಗೆ, ಎಂಟು ಭಾಗ ಮಾಡಿದ ಹಾಗೆ ಏಣುಗಳಿವೆ, ಎರಡಕ್ಕೂ ಮುಳ್ಳಿಲ್ಲ. ಒಂದು ಮೆಕ್ಸಿಕೋ ಮತ್ತು ಟೆಕ್ಸಸ್‌ನ ಆಸ್ಟ್ರೋಫೈಟಮ್ ಆಸ್ಟೀರಿಯಾಸ್, ಇನ್ನೊಂದು ದಕ್ಷಿಣ ಆಫ್ರಿಕಾದ ಯುಫೋರ್ಬಿಯಾ ಒಬೀಸಾ. ನಡುವೆ ಒಂದು ಮಹಾಸಾಗರವೇ ಇದೆ, ಸಂಬಂಧ ಇಲ್ಲವೇ ಇಲ್ಲ. ನೀರಿಲ್ಲದ ಜಾಗದಲ್ಲಿ ಬದುಕಲು ದುಂಡಗಿದ್ದರೆ ಲಾಭ, ಅಷ್ಟಕ್ಕೇ ಎರಡೂ ದುಂಡಗಾದವು. ಹೂ ಬಿಟ್ಟ ದಿನ ಗುಟ್ಟು ರಟ್ಟು. ಆಸ್ಟ್ರೋಫೈಟಮ್‌ನದ್ದು ನಡುವೆ ಕೆಂಪಿರುವ ದೊಡ್ಡ ಹಳದಿ ಹೂ. ಒಬೀಸಾದ್ದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಬಟ್ಟಲಷ್ಟೇ, ಎಸಳೇ ಇಲ್ಲ. ಅದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ.

ಸರಿ, ಈಗ ಉಳಿದದ್ದು ಕ್ಯಾಕ್ಟಸ್‌ಗಳು ಮಾತ್ರ. ಇಲ್ಲಿಂದ ಕಷ್ಟ ಶುರು.

ಪುಸ್ತಕದಲ್ಲಿ ನೋಡಿದರೆ ಆಕಾರದಿಂದಲೇ ಗುರುತಿಸಬಹುದು ಅನ್ನಿಸುತ್ತದೆ. ಏಣು ಎಷ್ಟು, ಮುಳ್ಳು ಎಷ್ಟು ಉದ್ದ, ನಡುಮುಳ್ಳು ಕೊಕ್ಕೆಯಾಗಿದೆಯೋ ನೇರ ಇದೆಯೋ ಇಂಥವು. ಆದರೆ ನಾವಿರುವುದು ಮಂಗಳೂರಿನಲ್ಲಿ ಮಾರಾಯ್ರೇ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಮೆಕ್ಸಿಕೋದ ಚಿವಾವಾ ಮರುಭೂಮಿಯ ಬಹುಭಾಗದಲ್ಲಿ ವರ್ಷವಿಡೀ ಬೀಳುವುದು 200–300 ಮಿಲಿಮೀಟರ್. ಅಲ್ಲಿಯ ಗಿಡವನ್ನು ತಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಅಡಿಯಲ್ಲಿ ಇಡುತ್ತೇವೆ. ಬಿಸಿಲಿಲ್ಲ, ಗಾಳಿ ತುಂಬಾ ತೇವ. ಗಿಡ ಬೆಳಕು ಹುಡುಕಿಕೊಂಡು ಮೇಲಕ್ಕೆ ಚಾಚುತ್ತದೆ. ದುಂಡಗಿರಬೇಕಾದ್ದು ಉದ್ದವಾಗುತ್ತದೆ. ಮುಳ್ಳು ತೆಳ್ಳಗಾಗಿ, ಮೆತ್ತೆಗಳ ನಡುವಿನ ಅಂತರ ಹೆಚ್ಚಾಗಿ, ಮೈಬಣ್ಣ ಪೇಲವವಾಗುತ್ತದೆ. ನವೆಂಬರಿನಲ್ಲಿ ಹೊರಗೆ ತಂದರೆ ಅದನ್ನು ಮಾರಿದ ನರ್ಸರಿಯವರೇ ಗುರುತಿಸಲಾರರು. ಒಂದೇ ಬೀಜದ ಎರಡು ಗಿಡಗಳಲ್ಲಿ ಒಂದನ್ನು ಇಲ್ಲಿ, ಇನ್ನೊಂದನ್ನು ಚಿತ್ರದುರ್ಗದಲ್ಲಿ ಬೆಳೆಸಿದರೆ ಎರಡು ಬೇರೆ ಜಾತಿ ಅಂತ ಯಾರಾದರೂ ಹೇಳಿಯಾರು.

ಅದಕ್ಕೇ ಕರಾವಳಿಯಲ್ಲಿ ಆಕಾರವನ್ನು ಅರ್ಧ ಮಾತ್ರ ನಂಬಬೇಕು. ಹೂ ಹಾಗಲ್ಲ. ಗಿಡ ಸೊರಗಿದ್ದರೆ ಹೂ ಸಣ್ಣದಾದೀತು, ಕಡಿಮೆ ಬಂದೀತು. ಆದರೆ ಅದರ ಕಟ್ಟಡ ಬದಲಾಗುವುದಿಲ್ಲ.

ಹಾಗಿದ್ದರೆ ಹೂವಿನ ಬಣ್ಣ ಯಾಕೆ ಬೇಡ? ಬಣ್ಣ ಅಂದರೆ ನೆಂಟರು ಬರುವಾಗ ಉಟ್ಟ ಸೀರೆ. ಸೀರೆ ನೋಡಿ ಮನೆತನ ಹೇಳಲು ಆಗುತ್ತದಾ? ರಾತ್ರಿ ಪತಂಗ ಬರಬೇಕಾದರೆ ಹೂ ಬಿಳಿ, ಪರಿಮಳ ಜಾಸ್ತಿ, ಕೊಳವೆ ಉದ್ದ. ಅಮೆರಿಕದ ಝೇಂಕಾರದ ಹಕ್ಕಿ ಬರಬೇಕಾದರೆ ಕೆಂಪು. ಜೇನುನೊಣಕ್ಕಾದರೆ ಹಗಲಿನಲ್ಲಿ ಅರಳುವ ಹಳದಿ ಅಥವಾ ಗುಲಾಬಿ ಬಟ್ಟಲು. ದೂರದ ಸಂಬಂಧಿಗಳೂ ಒಂದೇ ಅತಿಥಿಗಾಗಿ ಒಂದೇ ವೇಷ ಹಾಕುತ್ತವೆ. ಎಕಿನಾಪ್ಸಿಸ್ ಎನ್ನುವ ಕ್ಯಾಕ್ಟಸ್ ಗುಂಪಿನ ಮೇಲೆ 2012ರಲ್ಲಿ ಬಂದ ಡಿಎನ್ಎ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಪತಂಗದ ಹೂ, ಜೇನಿನ ಹೂ, ಹಕ್ಕಿಯ ಹೂ ಎನ್ನುವ ಬದಲಾವಣೆ ಆ ಒಂದು ಗುಂಪಿನೊಳಗೇ ಮತ್ತೆ ಮತ್ತೆ ಆಗಿದೆ. ಗಿಡದ ಆಕಾರವೂ ಹಾಗೆಯೇ. ಹಿಂದಿನವರು ಹೂವಿನ ಮುಖ, ಗಿಡದ ಎತ್ತರ ನೋಡಿ ಮಾಡಿದ ಪಂಗಡಗಳು ಅದರಿಂದ ಅಲುಗಾಡಿದವು.

ಬೆನ್ನಿನ ಕಥೆ ಬೇರೆ. ದಾಸವಾಳ ಹೂವನ್ನು ಹಿಡಿದು ತಿರುಗಿಸಿ ನೋಡಿದರೆ ಹಸಿರು ತೊಟ್ಟು, ಪುಷ್ಪಪಾತ್ರೆ, ಅಷ್ಟೇ. ಕ್ಯಾಕ್ಟಸ್‌ನಲ್ಲಿ ಮುಂದೆ ಕಾಯಿಯಾಗುವ ಭಾಗ ಕಾಂಡದೊಳಗೆ ಹೂತುಹೋಗಿರುತ್ತದೆ. ಅಂದರೆ ಹೂವಿನ ಬುಡದ ಹೊರಮೈ ನಿಜವಾಗಿ ಕಾಂಡವೇ. ಕಾಂಡ ಅಂದಮೇಲೆ ಅಲ್ಲಿ ಮೆತ್ತೆ ಇರಬಹುದು. ಮೆತ್ತೆಯಲ್ಲಿ ಮುಳ್ಳು, ಕೂದಲು, ಚಿಪ್ಪಿನಂಥ ಸಣ್ಣ ಎಲೆ ಇರಬಹುದು. ಕೆಲವು ಗುಂಪುಗಳಲ್ಲಿ ಏನೂ ಇಲ್ಲದೆ ಬೋಳಾಗಿರಬಹುದು. ಕೂದಲೋ, ಮುಳ್ಳೋ, ಚಿಪ್ಪೋ, ಬೋಳೋ ಎನ್ನುವ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಗಿಡ ಯಾವ ಗುಂಪಿನದ್ದು ಅಂತ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಇದಕ್ಕೆ ನಮ್ಮ ಊರಿನ ಎಲ್ಲರ ಮನೆಯಲ್ಲೂ ಉದಾಹರಣೆ ಉಂಟು. ಬ್ರಹ್ಮಕಮಲ.

ಮಳೆಗಾಲದಲ್ಲಿ ಅದು ಅರಳುವ ರಾತ್ರಿ ಮಂಗಳೂರು, ಉಡುಪಿಯ ಮನೆಗಳಲ್ಲಿ ಸಣ್ಣ ಹಬ್ಬ ಅಲ್ವಾ? ಪಕ್ಕದ ಮನೆಯವರನ್ನು ಕರೆಯುತ್ತಾರೆ, ದೀಪ ಹಚ್ಚುತ್ತಾರೆ, ಮರುದಿನ ವಾಟ್ಸಾಪಿನಲ್ಲಿ ಎಲ್ಲರ ಮನೆಯ ಹೂ ನಮಗೂ ಬರುತ್ತದೆ. ಹಿಮಾಲಯದ ಬ್ರಹ್ಮಕಮಲ ಬೇರೆ. ಅದು ಸೂರ್ಯಕಾಂತಿಯ ಕುಟುಂಬದ್ದು, ಉತ್ತರಾಖಂಡದ ರಾಜ್ಯದ ಹೂ. ನಮ್ಮದು ಎಪಿಫಿಲಮ್ ಆಕ್ಸಿಪೆಟಲಮ್, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳ ಕ್ಯಾಕ್ಟಸ್. ಅಲ್ಲಿ ಅದು ಮರದ ಮೇಲೆ ಬೆಳೆಯುತ್ತದೆ. ತೇವದ ಕಾಡಿನ ಗಿಡವಾದ್ದರಿಂದಲೇ ನಮ್ಮ ಜುಲೈ ತಿಂಗಳನ್ನು ಸಂತೋಷದಿಂದ ಸಹಿಸಿಕೊಳ್ಳುತ್ತದೆ.

‘ಎಲೆಯಿಂದ ಹೂ ಬರುತ್ತದೆ’ ಅಂತ ಎಲ್ಲರೂ ಆಶ್ಚರ್ಯಪಡುತ್ತಾರೆ. ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅಂಚಿನಲ್ಲಿ ಅಲೆ ಅಲೆಯಾಗಿ ಕಚ್ಚು ಇದೆಯಲ್ಲ, ಆ ಕಚ್ಚಿನಲ್ಲಿ ಮುಳ್ಳಿಲ್ಲದ ಮೆತ್ತೆ ಅಡಗಿದೆ. ಮೊಗ್ಗು ಬರುವುದು ಸರಿಯಾಗಿ ಅಲ್ಲಿಂದ.

ಈಗ ಇದರ ಪಕ್ಕ ಡ್ರ್ಯಾಗನ್ ಫ್ರೂಟ್ ಹೂ ಇಡಿ. ಮುಖ ನೋಡಿದರೆ ಇದೂ ಬಿಳಿ, ಅದೂ ಬಿಳಿ. ಎರಡೂ ರಾತ್ರಿ ಅರಳಿ ಬೆಳಗ್ಗೆ ಬಾಡುತ್ತವೆ. ಎರಡೂ ಹೆಚ್ಚುಕಡಿಮೆ ಒಂದು ಅಡಿ ಉದ್ದ. ಫೋಟೋ ಎದುರಿನಿಂದ ತೆಗೆದರೆ ನಾನೂ ಹೇಳಲು ಯೋಚಿಸಬೇಕು. ಬದಿಯಿಂದ ತೆಗೆದರೆ ಸಣ್ಣ ಮಕ್ಕಳೂ ಹೇಳುತ್ತಾರೆ. ಬ್ರಹ್ಮಕಮಲದ ಕೊಳವೆ ತೆಳ್ಳಗೆ, ಬಾಗಿ ಮೇಲಕ್ಕೆ ಎದ್ದಿರುತ್ತದೆ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಚಿಕ್ಕ ಚಿಪ್ಪು. ಡ್ರ್ಯಾಗನ್ ಫ್ರೂಟಿನದ್ದು ದಪ್ಪ ಕೊಳವೆ, ಅದರ ಸುತ್ತ ಒಂದರ ಮೇಲೊಂದು ಅಗಲವಾದ ಹಸಿರು ಚಿಪ್ಪುಗಳು.

ಆ ಚಿಪ್ಪುಗಳನ್ನು ನೀವು ಮತ್ತೆ ಎಲ್ಲಿ ನೋಡುತ್ತೀರಿ? ಹಣ್ಣಿನ ಮೇಲೆ. ಮಾರ್ಕೆಟಿನಲ್ಲಿ ಸಿಗುವ ಡ್ರ್ಯಾಗನ್ ಫ್ರೂಟಿನ ಸಿಪ್ಪೆಯಲ್ಲಿ ಹಸಿರು ನಾಲಗೆಗಳು ಎದ್ದಿರುತ್ತವಲ್ಲ, ಅವು ಹೂವಿನ ಬೆನ್ನಿನಲ್ಲಿದ್ದ ಚಿಪ್ಪುಗಳೇ. ಹಳದಿ ಸಿಪ್ಪೆಯ ಡ್ರ್ಯಾಗನ್ ಫ್ರೂಟ್ ಇನ್ನೊಂದು ಜಾತಿ, ಸೆಲೆನಿಸೀರಿಯಸ್ ಮೆಗಲಾಂಥಸ್. ಅದರ ಹೂವಿನ ಬುಡದಲ್ಲಿ ಮುಳ್ಳಿನ ಗೊಂಚಲುಗಳಿವೆ, ಹಾಗಾಗಿ ಹಣ್ಣಿನ ಮೇಲೂ ಮುಳ್ಳು. ಕೊಯ್ದ ಮೇಲೆ ಉಜ್ಜಿ ತೆಗೆದು ಮಾರುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಮಧ್ಯರಾತ್ರಿ ಎದ್ದು ಹೂ ನೋಡಲು ಆಗದಿದ್ದರೆ ಕಾಯಿ ನೋಡಿ. ಹೂವಿನ ಬೆನ್ನೇ ಕಾಯಿಯ ಸಿಪ್ಪೆ.

‘ಗಿಡ ಮಾತ್ರ ಇದ್ದರೆ?’ ಅಂತ ಮುಂದಿನ ಸಾಲಿನ ಅಕ್ಕ ಕೇಳುತ್ತಿದ್ದಾರೆ. ಇವೆರಡರಲ್ಲಿ ಗಿಡ ಸುಲಭ. ಬ್ರಹ್ಮಕಮಲದ ಹೂ ಬಿಡುವ ಕಾಂಡ ಚಪ್ಪಟೆ, ತೆಳು. ಡ್ರ್ಯಾಗನ್ ಫ್ರೂಟಿನದ್ದು ಮೂರು ಏಣು, ಅಂಚಿನಲ್ಲಿ ಸಣ್ಣ ಮುಳ್ಳು. ಬಿಳಿ ತಿರುಳಿನ ಉಂಡೇಟಸ್ ಜಾತಿಯಲ್ಲಿ ವಯಸ್ಸಾದ ಕಾಂಡದ ಅಂಚು ಒಣ ಉಗುರಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಕೆಂಪು ತಿರುಳಿನ ಕೋಸ್ಟರಿಸೆನ್ಸಿಸ್ ಕಾಂಡದ ಮೇಲೆ ಬಿಳಿ ಮೇಣದ ಪುಡಿ ಕಾಣುತ್ತದೆ, ಅಂಚು ಹಾಗೆ ಗಟ್ಟಿಯಾಗುವುದಿಲ್ಲ. ಕಂಬ ನೆಟ್ಟು ತೋಟ ಮಾಡುವವರು ಸಸಿ ಕೊಳ್ಳುವಾಗ ಇದನ್ನು ನೋಡಿಕೊಳ್ಳಬಹುದು. ಆದರೆ ಈಗ ಮಿಶ್ರತಳಿಗಳು ತುಂಬಾ ಬಂದಿವೆ, ಖಾತ್ರಿ ಬೇಕಾದರೆ ಹಣ್ಣು ಕೊಯ್ದೇ ನೋಡಬೇಕು. ಹೆಸರಿನ ಗೊಂದಲ ಬೇರೆ ಇದೆ. ಹಳೆಯ ಪುಸ್ತಕಗಳಲ್ಲಿ ಇವೆಲ್ಲ ಹೈಲೋಸೀರಿಯಸ್. 2017ರಲ್ಲಿ ಆ ಪಂಗಡವನ್ನು ಸೆಲೆನಿಸೀರಿಯಸ್ ಜತೆ ಸೇರಿಸಿದರು. ಗುಜರಾತ್ ಸರಕಾರ 2021ರಲ್ಲಿ ಹಣ್ಣಿಗೆ ‘ಕಮಲಂ’ ಅಂತಲೂ ಹೆಸರಿಟ್ಟಿದೆ. ಗಿಡಕ್ಕೆ ಇದು ಯಾವುದೂ ಗೊತ್ತಿಲ್ಲ, ಪುಣ್ಯಕ್ಕೆ.

ನರ್ಸರಿಯಲ್ಲಿ ‘ಕೆಂಪು ಬ್ರಹ್ಮಕಮಲ’ ಅಂತ ಕೊಡುತ್ತಾರಲ್ಲ, ಅದು ಬ್ರಹ್ಮಕಮಲದ ಬಣ್ಣ ಬದಲಾದ ರೂಪ ಅಲ್ಲ. ಡಿಸೊಕ್ಯಾಕ್ಟಸ್ ಎನ್ನುವ ಬೇರೆ ಪಂಗಡದ ಗಿಡಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ. ಹಗಲಿನಲ್ಲೂ ತೆರೆದಿರುತ್ತದೆ, ಕೆಲವು ದಿನ ಉಳಿಯುತ್ತದೆ. ಬುಡದಿಂದ ಹೊರಡುವ ಎಳೆ ಚಿಗುರು ನೋಡಿ. ಅದು ಮೂರ್ನಾಲ್ಕು ಏಣಾಗಿ, ಸಣ್ಣ ಚುಚ್ಚುಗೂದಲು ಇರುವ ಹಾಗೆ ಬಂದರೆ ಇದೇ.

ಇನ್ನೊಂದು ಜೋಡಿ ಮಂಗಳೂರಿಗರಿಗೆಂದೇ ಹುಟ್ಟಿದ ಹಾಗಿದೆ. ಮೀನಿನ ಮುಳ್ಳಿನ ಕ್ಯಾಕ್ಟಸ್. ಎರಡೂ ಬದಿಗೆ ಅಂಕುಡೊಂಕಾಗಿ ಕತ್ತರಿಸಿದ ಚಪ್ಪಟೆ ಕಾಂಡ, ಜೋತು ಬೀಳುವ ಚಟ್ಟಿಯಲ್ಲಿ ಚಂದ ಕಾಣುತ್ತದೆ. ಈ ಒಂದೇ ಹೆಸರಿನಲ್ಲಿ ಎರಡು ಗಿಡ ಮಾರುತ್ತಾರೆ. ಒಂದು ಡಿಸೊಕ್ಯಾಕ್ಟಸ್ ಆಂಗುಲಿಗರ್, ಮೊನ್ನೆಮೊನ್ನೆಯವರೆಗೆ ಎಪಿಫಿಲಮ್ ಅನ್ನುತ್ತಿದ್ದರು. ಇನ್ನೊಂದು ಸೆಲೆನಿಸೀರಿಯಸ್ ಆಂಥೋನಿಯಾನಸ್. ಎರಡೂ ಮೆಕ್ಸಿಕೋದವು. ಕಾಂಡ ಮಾತ್ರ ನೋಡಿ ಜಗಳ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಆಂಥೋನಿಯಾನಸ್ ಹೂವಿನ ಹೊರಗಿನ ಎಸಳುಗಳು ಕೆಂಪು-ನೇರಳೆ, ಒಳಗಿನವು ಕೆನೆ ಬಣ್ಣ, ಬುಡದಲ್ಲಿ ಸಣ್ಣ ಮುಳ್ಳು. ಆಂಗುಲಿಗರ್‌ನದ್ದು ತೆಳ್ಳಗಿನ ಉದ್ದ ಕೊಳವೆ, ಹೊರ ಎಸಳು ತಿಳಿ ಹಳದಿ, ಒಳಗೆ ಬಿಳಿ, ಬುಡದಲ್ಲಿ ಮುಳ್ಳಿಲ್ಲ. ಇಲ್ಲಿ ಬಣ್ಣವೂ ಸಹಾಯಕ್ಕೆ ಬಂತು ನೋಡಿ. ಆದರೆ ಬಣ್ಣ ಇರುವುದು ಹೊರ ಎಸಳಿನಲ್ಲಿ. ಅಂದರೆ ಮತ್ತೆ ಹಿಂದಿನಿಂದಲೇ ನೋಡಬೇಕು.

ಚೆಂಡು ಕ್ಯಾಕ್ಟಸ್‌ಗಳಿಗೆ ಬರೋಣ. ನೀವು ತಂದದ್ದರಲ್ಲಿ ಹೆಚ್ಚಿನವು ಇವೇ. ಇಲ್ಲಿ ಹೂ ಹುಟ್ಟುವ ಜಾಗ ಮುಖ್ಯ.

ಮೈಮೇಲೆ ಏಣಿಲ್ಲದೆ ಪ್ರತ್ಯೇಕ ಉಬ್ಬುಗಳಿದ್ದು, ನೆತ್ತಿಯಿಂದ ಸ್ವಲ್ಪ ಕೆಳಗೆ ಸಣ್ಣ ಹೂಗಳು ಉಂಗುರದ ಹಾಗೆ ಬಂದರೆ ಮ್ಯಾಮಿಲೇರಿಯಾ. ಕೈಮಸೂರ ಹಿಡಿದು ನೋಡಿ. ಹೂ ಉಬ್ಬಿನ ತುದಿಯಿಂದ ಬಂದಿಲ್ಲ, ಎರಡು ಉಬ್ಬುಗಳ ಸಂದಿಯಿಂದ ಬಂದಿದೆ. ಮುಳ್ಳು ಒಂದು ಕಡೆ, ಹೂ ಇನ್ನೊಂದು ಕಡೆ. ಹೂವಿನ ಬೆನ್ನು ಬೋಳು, ಹಾಗಾಗಿ ಕಾಯಿ ನುಣುಪು, ಕೆಂಪು, ಉದ್ದ. ಮೆಕ್ಸಿಕೋದಲ್ಲಿ ಅದನ್ನು ಪುಟ್ಟ ಮೆಣಸಿನಕಾಯಿ ಅಂತಲೇ ಕರೆಯುತ್ತಾರೆ. ಇದೇ ಥರ ಉಬ್ಬುಗಳಿದ್ದು, ದೊಡ್ಡ ಹೂ ನೆತ್ತಿಯಲ್ಲೇ ಬಂದು, ಉಬ್ಬಿನ ಮೇಲ್ಮೈಯಲ್ಲಿ ಒಂದು ಗೀರು ಇದ್ದರೆ ಅದು ಕೋರಿಫಾಂಥಾ. ಆ ಗೀರು ಎಳೆಯ ಗಿಡದಲ್ಲಿ ಇರುವುದಿಲ್ಲ, ಕಾಯಬೇಕು. ಇನ್ನೂ ಒಂದು ವೇಷಧಾರಿ ರೆಬ್ಯೂಟಿಯಾ. ನೋಡಲು ಮ್ಯಾಮಿಲೇರಿಯಾದ ತಂಗಿ, ಆದರೆ ಹೂ ಬರುವುದು ಬುಡದ ಹತ್ತಿರ, ಮಣ್ಣಿಗೆ ತಾಗಿಕೊಂಡ ಹಾಗೆ. ದಕ್ಷಿಣ ಅಮೆರಿಕದ ಎತ್ತರದ ಬೆಟ್ಟಗಳ ಗಿಡ ಅದು.

ಏಣಿರುವ ಚೆಂಡುಗಳಲ್ಲಿ ನಿಮಗೆ ಸಿಗುವುದು ಮುಖ್ಯವಾಗಿ ಜಿಮ್ನೋಕ್ಯಾಲಿಸಿಯಮ್ ಮತ್ತು ಎಕಿನಾಪ್ಸಿಸ್. ಈ ಎರಡು ಚಟ್ಟಿ ಕೈಯಿಂದ ಕೈಗೆ ದಾಟಿಸಿ. ಎಕಿನಾಪ್ಸಿಸ್ ಮೊಗ್ಗು ಬದಿಯಿಂದ ಹೊರಟಿದೆ, ಕೊಳವೆ ಗೇಣುದ್ದ, ಮೈತುಂಬಾ ಬೂದು ಕೂದಲು. ಜಿಮ್ನೋಕ್ಯಾಲಿಸಿಯಮ್ ಮೊಗ್ಗು ನೆತ್ತಿಯ ಹತ್ತಿರ, ಗಿಡ್ಡ, ನುಣುಪು, ಚಿಪ್ಪು ಮಾತ್ರ. ಒಂದೇ ಒಂದು ಕೂದಲೂ ಇಲ್ಲ. ಹೂ ಇನ್ನೂ ಅರಳಿಲ್ಲ, ಬಣ್ಣ ಯಾವುದೆಂದು ಯಾರಿಗೂ ಗೊತ್ತಿಲ್ಲ, ಆದರೂ ನಾವು ಎರಡನ್ನೂ ಬೇರೆ ಮಾಡಿ ಆಯಿತು. ಮನೆಯೆದುರು ಹತ್ತು ಹದಿನೈದು ಅಡಿ ಎತ್ತರಕ್ಕೆ ನಿಲ್ಲುವ ಕಂಬದಂಥ ಸೀರಿಯಸ್‌ಗೂ ಇದೇ ಉಪಾಯ. ದೊಡ್ಡ ಬಿಳಿ ರಾತ್ರಿ ಹೂ, ಬೆನ್ನು ಬೋಳಾಗಿದ್ದರೆ ಸೀರಿಯಸ್. ಕೂದಲಿದ್ದರೆ ಅದು ಎಕಿನಾಪ್ಸಿಸ್ ಕಡೆಯ ಕಂಬ.

ಈಗ ಪಾಪಾಸುಕಳ್ಳಿ. ಇದಕ್ಕೆ ಸ್ವಲ್ಪ ಸಮಯ ಕೊಡಿ. ಜಾತಿ ಗುರುತಿಸುವುದು ಸುಮ್ನೆ ಹವ್ಯಾಸದ ಮಾತಲ್ಲ ಅಂತ ಗೊತ್ತಾಗುವುದು ಇಲ್ಲಿ.

ಪಾಪಾಸುಕಳ್ಳಿಯ ಪಂಗಡದ ಹೆಸರು ಒಪಂಟಿಯಾ. ಅದರ ಮೇಲೆ ಬದುಕುವ ಒಂದು ಹುಳ ಉಂಟು, ಕೊಚಿನೀಲ್. ಹತ್ತಿಯಂಥ ಬಿಳಿ ಮುದ್ದೆಯೊಳಗೆ ಕೂತು ರಸ ಹೀರುತ್ತದೆ. ಅರೆದರೆ ಕಡುಗೆಂಪು ಬಣ್ಣ. ಆ ಬಣ್ಣದ ವ್ಯಾಪಾರ ಸ್ಪೇನಿನ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೂ ಅದು ಬೇಕಿತ್ತು. 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತಕ್ಕೆ ಹುಳಗಳು ಬಂದವು. ಆದರೆ ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಹಾಗೆಯೇ ಕಾಣುವ ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್. ಬಣ್ಣದ ಆಸೆ ಬಿದ್ದುಹೋಯಿತು. ಹುಳ ಮಾತ್ರ ಇಲ್ಲಿದ್ದ ಒಪಂಟಿಯಾ ಮೊನಕಾಂಥಾವನ್ನು ತಿಂದು ಬಹುತೇಕ ಮುಗಿಸಿತು. ಪಕ್ಕದಲ್ಲೇ ಬೆಳೆದಿದ್ದ ಒಪಂಟಿಯಾ ಡಿಲ್ಲೇನಿಯೈಯನ್ನು ಮುಟ್ಟಲಿಲ್ಲ. ಮನುಷ್ಯರಿಗೆ ಎರಡೂ ಒಂದೇ ಪಾಪಾಸುಕಳ್ಳಿ. ಹುಳಕ್ಕೆ ಅಲ್ಲ. ಡಿಲ್ಲೇನಿಯೈ ದಕ್ಷಿಣ ಭಾರತದ ಹೊಲ, ಹುಲ್ಲುಗಾವಲುಗಳನ್ನು ತುಂಬಿಕೊಂಡಿತು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಡ್ಯಾಕ್ಟಿಲೋಪಿಯಸ್ ಒಪಂಟಿಯೇ ಎನ್ನುವ ಬೇರೆ ಜಾತಿಯ ಹುಳ ತಂದು ಬಿಟ್ಟರು. ಅದು ಡಿಲ್ಲೇನಿಯೈಯನ್ನು ಹಿಡಿಯಿತು, ಕೆಲವೇ ವರ್ಷಗಳಲ್ಲಿ ದೊಡ್ಡ ದೊಡ್ಡ ಪ್ರದೇಶ ಖಾಲಿಯಾಯಿತು. ಗಿಡದಿಂದ ಹಿಡಿದು ಹುಳದವರೆಗೆ, ಜಾತಿ ತಪ್ಪಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಈಗ ಬಯಲುಸೀಮೆಗೆ ಹೋದಾಗ ನೀವೇ ನೋಡಬಹುದು. ಡಿಲ್ಲೇನಿಯೈ ಪೊದೆಯಾಗಿ ಹರಡುತ್ತದೆ. ಮುಳ್ಳು ಹಳದಿ, ಚಪ್ಪಟೆ, ಸ್ವಲ್ಪ ಬಾಗಿದ್ದು, ಒಂದು ಮೆತ್ತೆಯಲ್ಲಿ ಹಲವು. ಹೂ ಶುದ್ಧ ಹಳದಿ. ಮೊನಕಾಂಥಾ ಸಣ್ಣ ಮರದ ಹಾಗೆ ಮೇಲೇಳುತ್ತದೆ. ಹಸ್ತಗಳು, ಅಂದರೆ ಅಂಗೈಯಂಥ ಚಪ್ಪಟೆ ಕಾಂಡಗಳು, ತೆಳು, ಹೊಳಪು, ಮೆತ್ತೆಗೆ ಉದ್ದದ ಒಂದೋ ಎರಡೋ ಮುಳ್ಳು. ಹೂ ಎದುರಿನಿಂದ ಹಳದಿಯೇ. ತಿರುಗಿಸಿ, ಹೊರ ಎಸಳಿನ ನಡುವೆ ಕೆಂಪು ಪಟ್ಟೆ ಕಾಣುತ್ತದೆ. ಮೂರನೆಯದು ಒಪಂಟಿಯಾ ಎಲೇಟಿಯರ್. ಅದಕ್ಕೆ ಹೂವಿನ ಒಳಗೇ ನೋ‌ಡಬೇಕು. ಕೇಸರದ ಎಳೆಗಳು ಕೆಂಪು ಅಥವಾ ಗುಲಾಬಿ, ನಡುವಿನ ಕಡ್ಡಿಯ ತುದಿ ಹಸಿರು, ಮುಳ್ಳು ಕಂದು. ಇನ್ನು ನಮ್ಮ ತೋಟಗಳಲ್ಲಿ ಇರುವ, ಮುಳ್ಳೇ ಇಲ್ಲದ ಹಸ್ತಗಳ ಒಪಂಟಿಯಾ ಕೊಚೆನಿಲಿಫೆರಾ. ಅದರ ಕೆಂಪು ಎಸಳು ಪೂರ್ತಿ ಬಿಚ್ಚುವುದೇ ಇಲ್ಲ, ಕೇಸರಗಳು ಮಾತ್ರ ಹೊರಗೆ ಚಾಚುತ್ತವೆ. ಅದು ಹಕ್ಕಿಗಾಗಿ ಆದ ಹೂ.

ಎರಡು ಎಚ್ಚರಿಕೆ. ಹಳದಿ ಒಪಂಟಿಯಾ ಹೂ ಒಂದು ದಿನದ್ದು. ಬಾಡುವಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಒಂದೇ ಗಿಡದಲ್ಲಿ ಎರಡು ಬಣ್ಣ ಕಂಡರೆ ಹೊಸ ಜಾತಿ ಸಿಕ್ಕಿತು ಅಂತ ಕುಣಿಯಬೇಡಿ. ಎರಡನೆಯದು, ಹೂವಿನ ಬೆನ್ನಿನಲ್ಲೂ ಮೆತ್ತೆ ಉಂಟು, ಮೆತ್ತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಚ್ಚುಗೂದಲು ಉಂಟು. ಹಣ್ಣಿನಲ್ಲೂ ಅದೇ. ಬರಿಗೈಯಲ್ಲಿ ಮುಟ್ಟಬೇಡಿ. ಮುಟ್ಟಿದ್ದೇ ಆದರೆ ಚಿಮಟದಿಂದ ಆದಷ್ಟು ತೆಗೆದು, ಉಳಿದದ್ದಕ್ಕೆ ಫೆವಿಕಾಲ್ ಹಚ್ಚಿ, ಒಣಗಿದ ಮೇಲೆ ಸುಲಿಯಿರಿ. ಒಂದು ಕಡ್ಡಿ ಹಿಡಿದು ಅರಳಿದ ಹೂವಿನ ಕೇಸರ ತಾಗಿಸಿ ನೋಡಿ, ಎಲ್ಲ ಎಳೆಗಳೂ ನಿಧಾನಕ್ಕೆ ಒಳಮುಖ ಬಾಗುತ್ತವೆ. ಗುರುತಿಸುವುದಕ್ಕೆ ಇದರಿಂದ ಉಪಯೋಗ ಇಲ್ಲ. ನೋಡಲು ಖುಷಿ, ಅಷ್ಟೇ.

ಕ್ರಿಸ್‌ಮಸ್ ಕ್ಯಾಕ್ಟಸ್ ಬಗ್ಗೆ ಬಹಳ ಜನ ಚೀಟಿ ಬರೆದಿದ್ದೀರಿ. ಡಿಸೆಂಬರಿನಲ್ಲಿ ಇಲ್ಲಿ ಗೋದಲಿಯ ಪಕ್ಕ ಇಡಲು ಬೇಡಿಕೆ ಜಾಸ್ತಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಶ್ಲುಂಬರ್ಗೇರಾ ಟ್ರಂಕೇಟಾ. ಕಾಂಡದ ತುಂಡಿನ ಅಂಚಿನಲ್ಲಿ ಚೂಪು ಹಲ್ಲುಗಳು, ಹೂ ಅಡ್ಡಕ್ಕೆ ಚಾಚಿ ಓರೆಯಾಗಿ ತೆರೆಯುತ್ತದೆ, ಪರಾಗ ಹಳದಿ. ನಿಜವಾದ ಹಳೆಯ ಕ್ರಿಸ್‌ಮಸ್ ಕ್ಯಾಕ್ಟಸ್ 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ಮಿಶ್ರತಳಿ ಬಕ್ಲಿಯೈ. ಅದರ ಅಂಚು ದುಂಡು, ಹೂ ಕೆಳಕ್ಕೆ ಜೋತು ಬೀಳುತ್ತದೆ, ಪರಾಗ ಗುಲಾಬಿ. ಬೆರಳಿಗೆ ಪರಾಗ ಹಚ್ಚಿ ನೋಡಿದರೆ ಸಾಕು, ವಾದ ಮುಗಿಯಿತು. ಹೂ ಎಲ್ಲ ಕಡೆಗೂ ಸಮನಾಗಿ ನಕ್ಷತ್ರದ ಹಾಗೆ ತೆರೆದು, ತುಂಡಿನ ತುದಿಯಲ್ಲಿ ಚುಚ್ಚುಗೂದಲು ಇದ್ದರೆ ಅದು ಈಸ್ಟರ್ ಕ್ಯಾಕ್ಟಸ್. ಮೂರಕ್ಕೂ ಮೂಲ ಬ್ರೆಜಿಲಿನ ಕರಾವಳಿಯ ಬೆಟ್ಟಕಾಡು. ಅಲ್ಲಿಯ ರಾತ್ರಿ ತಂಪು. ಇಲ್ಲಿ ಮೊಗ್ಗು ಬರದಿದ್ದರೆ ರಾತ್ರಿಯ ಸೆಕೆಯೂ, ಬಾಲ್ಕನಿಯಲ್ಲಿ ಇಡೀ ರಾತ್ರಿ ಉರಿಯುವ ಲೈಟೂ ಕಾರಣ.

ಇನ್ನು ಈ ಎರಡು ಚಟ್ಟಿ. ತಂದವರು ಬೇಸರ ಮಾಡಿಕೊಳ್ಳಬೇಡಿ. ಈ ಕೆಂಪು ಚೆಂಡು ಹೂವಲ್ಲ. ಹಸಿರೇ ಇಲ್ಲದ ಒಂದು ಜಿಮ್ನೋಕ್ಯಾಲಿಸಿಯಮ್ ಅದು. ತಾನಾಗಿ ಆಹಾರ ಮಾಡಿಕೊಳ್ಳಲು ಆಗುವುದಿಲ್ಲ ಅಂತ ಡ್ರ್ಯಾಗನ್ ಫ್ರೂಟ್ ಕಾಂಡದ ಮೇಲೆ ಕಸಿ ಕಟ್ಟಿದ್ದಾರೆ. ಎರಡನೆಯದರಲ್ಲಿ ಗಿಡ ನಿಜ, ಹೂ ಸುಳ್ಳು. ಒಣಗಿದರೂ ಬಾಡದ ಒಂದು ಬೇರೆ ಹೂವನ್ನು ಬಿಸಿ ಅಂಟಿನಿಂದ ನೆತ್ತಿಗೆ ಕೂರಿಸಿದ್ದಾರೆ. ‘ಅದು ಬೆಳಗ್ಗೆ ಬಿಚ್ಚುತ್ತದೆ, ಮಳೆ ಬಂದರೆ ಮುಚ್ಚುತ್ತದೆ ಸರ್, ಜೀವ ಇದೆ’ ಅನ್ನುತ್ತಿದ್ದಾರೆ ಇವರು. ಸರಿಯಾಗಿಯೇ ಗಮನಿಸಿದ್ದೀರಿ. ಆ ಒಣ ಎಸಳು ತೇವ ಹೀರಿದರೆ ಮುಚ್ಚುತ್ತದೆ, ಒಣಗಿದರೆ ಬಿಚ್ಚುತ್ತದೆ, ಜೀವ ಬೇಕಾಗಿಲ್ಲ. ಇಲ್ಲೂ ಬೆನ್ನು ನೋಡಿ. ಕೊಳವೆ ಇಲ್ಲ, ಚಿಪ್ಪಿಲ್ಲ, ಗಟ್ಟಿಯಾದ ಅಂಟಿನ ಹನಿ ಇದೆ. ಬಿಸಿನೀರಲ್ಲಿ ಮೆತ್ತಗೆ ಮಾಡಲು ಹೋಗಬೇಡಿ, ನೆತ್ತಿ ಬೇಯುತ್ತದೆ. ಗಿಡ ಬೆಳೆದ ಹಾಗೆ ತಾನಾಗಿ ಬದಿಗೆ ಸರಿಯಲು ಬಿಡಿ.

ಫೋಟೋ ಕಳುಹಿಸಿ ಹೆಸರು ಕೇಳುವವರಿಗೆ ಒಂದು ವಿನಂತಿ. ಹೂವಿನ ಎದುರಿನ ಚಿತ್ರ ಒಂದೇ ಸಾಕಾಗುವುದಿಲ್ಲ. ಬದಿಯಿಂದ ಬುಡದವರೆಗೆ ಒಂದು ಬೇಕು. ಹೂ ಗಿಡಕ್ಕೆ ಸೇರುವ ಜಾಗದ್ದು ಒಂದು, ಮುಳ್ಳಿನ ಮೆತ್ತೆಯದ್ದು ಹತ್ತಿರದಿಂದ ಒಂದು. ಎಷ್ಟು ಗಂಟೆಗೆ ಅರಳಿತು ಅಂತ ಬರೆಯಿರಿ. ಕಾಯಿ ಕಟ್ಟಿದರೆ ಕಿತ್ತು ಬಿಸಾಡುವ ಮೊದಲು ಅದರದ್ದೂ ಇರಲಿ.

‘ಹೂವೇ ಬಿಡದಿದ್ದರೆ ಎಂತ ಮಾಡುವುದು?’ ಉಡುಪಿಯಿಂದ ಬಂದವರ ಪ್ರಶ್ನೆ. ಆಗ ಗಿಡದ ಬೇಸಿಗೆಯ ಭಾಗ ನೋಡಿ. ಮಳೆಗಾಲದಲ್ಲಿ ಬೆಳೆದ ಭಾಗ ಸಪೂರ, ಪೇಲವ. ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಬೆಳೆದದ್ದು ಗಿಡದ ನಿಜ ರೂಪ. ಏಣಿನ ಲೆಕ್ಕ, ಮುಳ್ಳಿನ ಉದ್ದ ಅಲ್ಲಿಂದ ತೆಗೆದುಕೊಳ್ಳಿ. ಹಾಗೆ ಮಾಡಿದರೂ ಪಂಗಡದವರೆಗೆ ಹೇಳಬಹುದು, ಜಾತಿಯ ಹೆಸರಿಗೆ ಪೆನ್ಸಿಲಿನಲ್ಲೇ ಬರೆದಿಡಿ.

ಅವರ ಕೈಯಲ್ಲಿರುವುದು ಯಾವುದು ಅಂತ ನೋಡಿದೆ. ಉಬ್ಬುಗಳಿವೆ, ಏಣಿಲ್ಲ, ಮರಿಗಳು ಗುಂಪಾಗಿ ಬಂದಿವೆ. ಕೊಂಡದ್ದು ಮ್ಯಾಮಿಲೇರಿಯಾ ಅಂತ. ನನಗೆ ರೆಬ್ಯೂಟಿಯಾದ ಅನುಮಾನ. ಅದು ಹೌದಾದರೆ ಉಡುಪಿಯಲ್ಲಿ ಹೂ ಬಿಡುವುದು ಕಷ್ಟ, ಅದಕ್ಕೆ ಚಳಿಗಾಲದಲ್ಲಿ ನೀರಿಲ್ಲದೆ ಚೆನ್ನಾಗಿ ಚಳಿಯಾಗಬೇಕು. ನಮ್ಮ ಜನವರಿ ರಾತ್ರಿಯ 20 ಡಿಗ್ರಿ ಅದಕ್ಕೆ ಚಳಿಯೇ ಅಲ್ಲ. ಒಂದು ಮರಿ ಮುರಿದು ಊಟಿಯಲ್ಲಿ ಯಾರಾದರೂ ನೆಂಟರಿದ್ದರೆ ಕೊಡಿ. ಮೊಗ್ಗು ಬುಡದಲ್ಲಿ ಬಂತೋ, ನೆತ್ತಿಯ ಸುತ್ತ ಬಂತೋ ಅಂತ ಕೇಳಿ ತಿಳಿಸಿ. ಫೋಟೋ ಬದಿಯಿಂದ ತೆಗೆಯಲು ಹೇಳಿ.